ಗಣಕ ಕೂಗಿದ ಮನೆ, ಕೇಳಿದ ಮನೆ

ಮೊದಲ ಶಬ್ದವನ್ನೂ ಅದಕ್ಕೆ ಮೊದಲಿದ್ದ ಮೌನವನ್ನೂ ಒಂದೇ ಸಮನಾಗಿ ಕೇಳಬಲ್ಲ ವಿಶಾಲಕರ್ಣನಾದ ವಿಘ್ನೇಶ್ವರನಿಗೆ ವಂದನೆ. ಮೊರದಂಥ ಆ ಕಿವಿಗಳ ಗಾಳಿಗೆ ನನ್ನ ಮಾತಿನಲ್ಲಿರುವ ಹೊಟ್ಟು ತೂರಿಹೋಗಲಿ, ಕಾಳಿದ್ದರೆ ಅದು ಕೇಳುವವರ ಮಡಿಲಿಗೆ ಬೀಳಲಿ. ನಾಲಗೆಯ ತುದಿಯಲ್ಲೇ ನೆಲಸಿದ್ದೂ ಕರೆದಾಗಲೆಲ್ಲ ಬಾರದ ಶಾರದೆ ಈ ಹೊತ್ತು ಮುನಿಸಿಲ್ಲದೆ ಬರಲಿ. ಕೇಳಿದ್ದನ್ನು ಹೇಳಬಾರದ ಊರಿನಲ್ಲಿ ಬಾಳಿದ ಮುದುಕ ನಾನು. ಹೇಳಲು ಅಪ್ಪಣೆ ಸಿಕ್ಕ ಒಂದೇ ಒಂದು ಸಂಗತಿಯನ್ನು ಹೇಳುತ್ತಿದ್ದೇನೆ.

ನಮ್ಮ ಊರಿನಲ್ಲಿ ಒಂದು ಸೂರಿನ ಕೆಳಗೆ ಹುಟ್ಟಿದ ಶಬ್ದ ಆ ಸೂರಿನ ಕೆಳಗೆ ಕೇಳಿಸುವುದಿಲ್ಲ, ಬೇರೊಂದು ಮನೆಯಲ್ಲಿ ಕೇಳಿಸುತ್ತದೆ. ಬೀದಿಯಲ್ಲಿ, ಅಂಗಳದಲ್ಲಿ, ಆಕಾಶ ಕಾಣುವ ಯಾವ ಜಾಗದಲ್ಲಾದರೂ ಮಾತು ಮಾತಿನಂತೆಯೇ ಇರುತ್ತದೆ. ಹೊಸ್ತಿಲು ದಾಟಿ ಸೂರಿನಡಿ ಬಂದರೆ ನಮ್ಮ ಬಾಯಿ ಆಡುತ್ತದೆ, ಕಿವಿಗೆ ಬೀಳುವುದು ಮಾತ್ರ ಇನ್ನೊಬ್ಬರ ಮನೆಯ ಸದ್ದು. ಅದಕ್ಕೇ ನಮ್ಮ ಹೆಂಗಸರು ಒಗ್ಗರಣೆಯನ್ನು ಕಿವಿಯಿಂದ ಅಳೆಯುವುದಿಲ್ಲ, ಮೂಗಿನಿಂದ ಅಳೆಯುತ್ತಾರೆ. ತೊಟ್ಟಿಲ ಕೂಸಿನ ಕಾಲಿಗೆ ನೂಲು ಕಟ್ಟಿ ಅದರ ಇನ್ನೊಂದು ತುದಿಯನ್ನು ತಾಯಿಯ ಬೆರಳಿಗೆ ಸುತ್ತುತ್ತಾರೆ. ಕೂಸು ಅತ್ತದ್ದು ನೂಲಿನಿಂದ ತಿಳಿಯಬೇಕು. ಗಂಡ ಹೆಂಡತಿ ಜಗಳವಾಡಬೇಕಾದರೆ ಅಂಗಳಕ್ಕೆ ಬರಬೇಕು, ಬರುವಷ್ಟರಲ್ಲಿ ಅರ್ಧ ಸಿಟ್ಟು ಇಳಿದಿರುತ್ತದೆ. ಹೊರ ಊರಿನವರು ಬಂದರೆ ಕಿವಿಗೆ ಹತ್ತಿ ತುರುಕಿಕೊಂಡು ಒಳಗೆ ಬರುತ್ತಾರೆ. ಅವರಿಗೆ ಅದು ಭಯ, ನಮಗೆ ಮನೆ.

ಯಾರ ಸದ್ದು ಯಾರ ಮನೆಗೆ ಬರುತ್ತದೆ ಎಂಬುದು ಕೇಳುವವನಿಗೆ ಮಾತ್ರ ಗೊತ್ತು. ಅವನು ಅದನ್ನು ಹೇಳಬಾರದು. ಕೇಳಿಸಿತೇ ಎಂದು ಅವನನ್ನು ಯಾರೂ ಕೇಳಲೂಬಾರದು. ಕಿವಿಗೆ ಬಿದ್ದದ್ದನ್ನು ಹೊಸ್ತಿಲಲ್ಲೇ ಇಳಿಸಿ ಬೀದಿಗೆ ಬರಬೇಕು. ಇದಕ್ಕೆ ನಾವು ಕಿವಿಯ ಕಟ್ಟು ಎನ್ನುತ್ತೇವೆ. ಹೊಸದಾಗಿ ಒಲೆ ಹೂಡಿದ ಪ್ರತಿಯೊಬ್ಬ ಗೃಹಸ್ಥನಿಗೂ ಆ ಕಟ್ಟನ್ನು ಬಾಯಿಪಾಠವಾಗಿ ಒಪ್ಪಿಸುವ ಕೆಲಸ ನನ್ನ ತಂದೆಯದಾಗಿತ್ತು, ಆಮೇಲೆ ನನ್ನದಾಯಿತು. ಬೆಂಕಿ, ಬಾವಿ, ಹಾವು ಎಂಬ ಮೂರರ ಕೂಗನ್ನು ಮಾತ್ರ ಹೊಸ್ತಿಲು ದಾಟಿಸಬಹುದು. ಬೇರೆ ಏನನ್ನು ದಾಟಿಸಿದರೂ ತಪ್ಪಿತಸ್ಥನ ಮನೆಯ ಸೂರನ್ನು ಇಳಿಸುತ್ತಾರೆ. ಹೆಂಚಿಲ್ಲದ ಗೋಡೆಗಳ ನಡುವೆ ಬದುಕುವುದಕ್ಕಿಂತ ದೊಡ್ಡ ಅವಮಾನ ನಮ್ಮವರಿಗೆ ಇನ್ನೊಂದಿಲ್ಲ. ನಮ್ಮ ಸೀಮೆಯಲ್ಲಿ ಹೆಂಚು ಒಡೆದರೆ ಮಳೆಯ ಭಯಕ್ಕಿಂತ ಮೊದಲು ಮಾನದ ಭಯ ಬರುತ್ತದೆ. ಬೇರೆ ಹೆಂಚು ಹೊದಿಸುವವರೆಗೂ ಮನೆಯವರು ಬೀದಿಗೆ ಮುಖ ತೋರಿಸುವುದಿಲ್ಲ.

ನನ್ನ ಮನೆಗೆ ಬರುತ್ತಿದ್ದುದು ಬೀದಿಯ ಮೂಡಣ ತುದಿಯ ಮನೆಯ ಸದ್ದು. ಅಲ್ಲಿಗೆ ಸೊಸೆಯಾಗಿ ಬಂದವಳು ಹೈಮವತಿ. ಸೂರಿನಡಿ ಮಾತು ನಡೆಯದ ಮೇಲೆ ಮನೆಯೊಳಗಿನ ವ್ಯವಹಾರವೆಲ್ಲ ಕೈಸನ್ನೆಯಲ್ಲಿ ಆಗಬೇಕಷ್ಟೆ. ಆ ಕೈನುಡಿ ಒಂದೊಂದು ಮನೆಗೆ ಒಂದೊಂದು. ಹೈಮವತಿಯ ತವರಿನಲ್ಲಿ ‘ಇನ್ನಷ್ಟು ಬಡಿಸು’ ಎನ್ನುವ ಸನ್ನೆಯೇ ಗಂಡನ ಮನೆಯಲ್ಲಿ ‘ಸಾಕು’ ಎನ್ನುವುದಕ್ಕಿತ್ತು. ಅತ್ತೆ ಸಾಕು ಸಾಕು ಎಂದು ಕೈಯಾಡಿಸಿದಷ್ಟೂ ಸೊಸೆ ಅನ್ನ ಬಡಿಸಿದಳಂತೆ. ಅತ್ತೆಗೆ ಅದು ಅಣಕವೆಂದು ತೋರಿತು. ಇಂಥ ತಪ್ಪುಗಳಲ್ಲಿ ಅವಳ ಮೊದಲ ವರ್ಷ ಕಳೆಯಿತು. ಆ ನೋವನ್ನು ಅವಳು ಹಾಗೆಯೇ ನುಂಗಿ ಕೂರಲಿಲ್ಲ. ಪಟ್ಟಣದಿಂದ ಒಂದು ಗಣಕಯಂತ್ರವನ್ನು ತರಿಸಿ, ಮನೆಮನೆಗೆ ಹೋಗಿ, ಮುದುಕಿಯರ ಮುಂದೆ ಕುಳಿತು, ಒಂದೊಂದು ಸನ್ನೆಯ ಚಿತ್ರವನ್ನೂ ಬರೆದು, ಅದರ ಅರ್ಥವನ್ನು ಯಂತ್ರದೊಳಗೆ ಇಳಿಸುತ್ತ ಬಂದಳು. ನಮ್ಮ ಊರಿನ ಕೈನುಡಿಯ ಕೋಶ ಅದು. ಹೇಳಿಕೊಟ್ಟ ಮುದುಕಿಯರಲ್ಲಿ ಬಹುಪಾಲು ಈಗ ಇಲ್ಲ. ಕೋಶದ ಪ್ರತಿ ಇಳಿಸಿಟ್ಟ ಸಿ.ಡಿ. ಬಿಲ್ಲೆಗಳನ್ನು ನಮ್ಮ ಧೂಳು ಗೀಚಿ ಗೀಚಿ ಕುರುಡು ಮಾಡಿತ್ತು. ಆ ಕೈಗಳೆಲ್ಲ ಉಳಿದದ್ದು ಅವಳ ಪೆಟ್ಟಿಗೆಯೊಳಗೆ ಮಾತ್ರ.

ಅವಳ ಬೆರಳು ಕೀಲಿಗಳ ಮೇಲೆ ಆಡುವ ಸದ್ದು ವರ್ಷಗಟ್ಟಲೆ ನನ್ನ ಪಾಠದ ಕೋಣೆಯಲ್ಲಿ ಎಳ್ಳು ಸುರಿದಂತೆ ಸುರಿಯುತ್ತಿತ್ತು. ಗಣಕವನ್ನು ನಾನು ಮುಟ್ಟಿದವನಲ್ಲ. ಆದರೂ ಆ ಸದ್ದು ನಿಂತ ದಿನ ಓದುತ್ತಿದ್ದ ಗ್ರಂಥದ ಸಾಲು ತಪ್ಪಿತು.

ಅದು ಧೂಳುಗಾಳಿಯ ತಿಂಗಳು. ಪಡುವಣ ಬಯಲಿನಿಂದ ಕೆಮ್ಮಣ್ಣು ಎದ್ದು ಬಂದು ದೇವರ ಮುಖವನ್ನೂ ಬಿಡದೆ ಮೆತ್ತುತ್ತದೆ. ನಾನು ದೇವಸ್ಥಾನದಿಂದ ಬರುವಾಗ ಹೈಮವತಿಯ ಮನೆಯ ಮೆಟ್ಟಿಲ ಮೇಲೆ ರಿಪೇರಿಯವ ನಿಂತಿದ್ದ. ನೆರೆಯ ಪಟ್ಟಣದ ಚೆನ್ನವೀರ, ಕೈ ಶುದ್ಧವಾದ ಹುಡುಗ. ಕಿವಿಯ ಹತ್ತಿಯನ್ನು ಕಿತ್ತು ಜೇಬಿಗೆ ಹಾಕಿಕೊಳ್ಳುತ್ತ ಅವಳಿಗೆ ವಿವರಿಸುತ್ತಿದ್ದ. ಬೀದಿಯ ಮಾತು ಯಾರ ಸ್ವತ್ತೂ ಅಲ್ಲವಾದ್ದರಿಂದ ನಾನು ನಿಂತು ಕೇಳಿದೆ.

“ಫ್ಯಾನು ತಿರುಗ್ತಿದೆ, ದೀಪ ಹತ್ತತ್ತೆ. ಪರದೆ ಮೇಲೆ ಮಾತ್ರ ಏನೂ ಇಲ್ಲ. ಕೂಗೂ ಇಲ್ಲಮ್ಮ. ಒಳಗೆ ಬೇರೇನು ಕೆಟ್ಟಿದ್ರೂ ಯಂತ್ರ ಬೀಪ್ ಬೀಪ್ ಅಂತ ತಾನೇ ಕೂಗಿ ಹೇಳತ್ತೆ. ಬಾಯೇ ಬಿಡ್ತಿಲ್ಲ ಅಂದ್ರೆ ಮದರ್‌ಬೋರ್ಡೇ ಸತ್ತಿದೆ. ಡಿಸ್ಕೂ ಜೊತೆಗೆ ಸುಟ್ಟಿರತ್ತೆ.”

“ಒಳಗಿರೋದು?” ಎಂದಳು ಹೈಮವತಿ.

“ಅದನ್ನ ಮರೆತುಬಿಡಿ. ಕೂಗಿದ್ರೆ ಏನೋ ದಾರಿ ಇರ್ತಿತ್ತು.”

ಸಂತೆಯ ದಿನ ಹೊಸ ಪೆಟ್ಟಿಗೆ ತರುವುದಾಗಿಯೂ ಹಳೆಯದನ್ನು ಬದಲಿಗೆ ಒಯ್ದು ಗುಜರಿಗೆ ಹಾಕುವುದಾಗಿಯೂ ಹೇಳಿ ಅವನು ಬಸ್ಸು ಹತ್ತಿದ. ಹೈಮವತಿ ಮೆಟ್ಟಿಲ ಮೇಲೆಯೇ ಕುಳಿತಳು. ಗಾಳಿ ಅವಳ ಮಡಿಲಿಗೆ ಮಣ್ಣು ತುಂಬುತ್ತಿತ್ತು, ಅವಳು ಕೊಡವಿಕೊಳ್ಳಲಿಲ್ಲ.

ಮನೆಗೆ ಬಂದೆ. ನನ್ನ ಹೆಂಡತಿ ಕಾತ್ಯಾಯಿನಿ ಅಡಿಗೆಮನೆಯಲ್ಲಿ ನಿಂತು, ಬಾಯಿಯ ಮುಂದೆ ಅಂಗೈ ಅರಳಿಸಿ ತೋರಿಸಿದಳು. ನಮ್ಮ ಮನೆಯ ಕೈನುಡಿಯಲ್ಲಿ ಅದು ‘ಯಾರೋ ಕರೆಯುತ್ತಿದ್ದಾರೆ’ ಎಂದು. ಮತ್ತೆ ಕಿವಿಗೊಟ್ಟೆವು. ಆ ಕಡೆ ಹೈಮವತಿ ಗುಂಡಿ ಒತ್ತಿರಬೇಕು. ಸಣ್ಣ ಗಾಳಿಯ ಮೊರೆತ ಕೇಳಿತು, ಅದರ ಬೆನ್ನಿಗೆ ಒಂದು ಸ್ವರ. ಉದ್ದವಾಗಿ ಎಳೆದ ಒಂದು ಕೂಗು, ಅಷ್ಟೇ ಉದ್ದದ ಇನ್ನೊಂದು, ಇನ್ನೂ ಒಂದು, ಕೊಂಚ ವಿರಾಮ, ಮತ್ತೆ ಅದೇ ಮೂರು. ಛಂದಸ್ಸನ್ನು ಉಂಡು ಬೆಳೆದ ಕಿವಿ ನನ್ನದು, ಎಣಿಸದೆಯೇ ಅರಿಯಿತು. ಎಳೆದದ್ದು ಗುರು, ಮೊಟಕಾದದ್ದು ಲಘು. ಮೂರು ಗುರು ಸೇರಿದರೆ ಮಗಣ. ಮಗಣಕ್ಕೆ ಅಧಿದೇವತೆ ಭೂಮಿ.

ಯಂತ್ರ ಕೂಗುತ್ತಿತ್ತು! ಅವಳ ಮನೆಯಲ್ಲಿ ಕೂಗಿ ನನ್ನ ಮನೆಯಲ್ಲಿ ಕೇಳುತ್ತಿತ್ತು. ಚೆನ್ನವೀರ ಹತ್ತಿ ಇಟ್ಟುಕೊಂಡಿದ್ದನೆಂದಲ್ಲ, ಹತ್ತಿ ಇಲ್ಲದಿದ್ದರೂ ಅವನಿಗೆ ಆ ಕೂಗು ಸಿಗುತ್ತಿರಲಿಲ್ಲ. ನಮ್ಮವರಿಗೆ ತಮ್ಮ ಮನೆಯ ಮೌನ ಎಷ್ಟು ರೂಢಿಯೆಂದರೆ, ಆ ಮೌನವೇ ರೋಗದ ಲಕ್ಷಣವೆಂದು ಅವನು ಹೇಳಿದಾಗ ಹೈಮವತಿಗೂ ಸಂಶಯ ಬರಲಿಲ್ಲ. ಯಂತ್ರವನ್ನು ಬಯಲಿಗೆ ತಂದು ನೋಡುವ ಮಾತನ್ನು ಆ ಗಾಳಿಯ ತಿಂಗಳಿನಲ್ಲಿ ಯಾರೂ ಎತ್ತುವಂತಿರಲಿಲ್ಲ. ಆಮೇಲೆ ಒಳಗಿನಿಂದ ಅವಳ ದನಿ ಬಂತು. ಯಾರೂ ಕೇಳುತ್ತಿಲ್ಲವೆಂದು ನಂಬಿದವರ ದನಿ. ಅವಳು ಏನೆಂದಳೆಂದು ಇಲ್ಲಿಯೂ ಹೇಳಲಾರೆ. ಅದಕ್ಕೆ ನನಗೆ ಅಪ್ಪಣೆಯಿಲ್ಲ.

ಕಾತ್ಯಾಯಿನಿ ನನ್ನ ಕೈ ಹಿಡಿದು ಅಂಗಳಕ್ಕೆ ಎಳೆದಳು.

“ಏನಂದ್ರೆ, ಕೇಳಿಸಿತಲ್ವಾ ನಿಮಗೆ?”

“ಕೇಳಿಸಿತು. ಕೇಳಿಸಿದ್ದನ್ನ ಹೊಸ್ತಿಲಲ್ಲಿ ಇಳಿಸಬೇಕು ಕಣೇ.”

“ಇಳಿಸಿ ಇಳಿಸಿ ಹೊಸ್ತಿಲೇ ಎತ್ತರ ಆಗಿದೆ. ದಾಟೋಕೆ ನಿಮ್ಮ ಮೊಣಕಾಲು ಬಗ್ಗತ್ತಾ ನೋಡ್ಕೊಳ್ಳಿ,” ಎಂದು ಅವಳು ಮತ್ತೆ ಒಲೆಯ ಕಡೆ ಹೋದಳು. ಅಂದು ಸಾರಿಗೆ ಉಪ್ಪು ಇರಲಿಲ್ಲ. ಮರೆವಿನಿಂದ ಅಲ್ಲ ಎಂದು ನನಗೆ ಗೊತ್ತಿತ್ತು.

ನನ್ನ ಭಯ ಸೂರಿನದೊಂದೇ ಆಗಿರಲಿಲ್ಲ. ಕೇಳುವ ಮನೆ ಯಾವುದೆಂದು ತಿಳಿದ ಮೇಲೆ ಹೈಮವತಿ ನನ್ನ ಮುಖವನ್ನು ಹೇಗೆ ನೋಡಿಯಾಳು? ಅವಳು ಅತ್ತದ್ದು, ನಕ್ಕದ್ದು, ಒಬ್ಬಳೇ ಇದ್ದಾಗ ಹಾಡಿದ್ದು, ಎಲ್ಲವೂ ಈ ಮುದುಕನ ಕಿವಿಯಲ್ಲಿದೆ ಎಂದು ಅರಿತು ಬದುಕುವುದು ಸುಲಭವೇ? ಅವಳ ಕೋಶವನ್ನು ಉಳಿಸಹೋಗಿ ಅವಳ ನೆಮ್ಮದಿಯನ್ನು ಕೆಡಿಸಿದರೆ? ದೇವರ ಮುಂದೆ ಕುಳಿತೆ. ದೇವರು ಎಂದಿನಂತೆ ಕೇಳಿಸಿಕೊಂಡ, ಎಂದಿನಂತೆ ಹೇಳಲಿಲ್ಲ. ಕಿವಿಯ ಕಟ್ಟನ್ನು ಅವನೇ ನಮಗಿಂತ ಚೆನ್ನಾಗಿ ಪಾಲಿಸುತ್ತಾನೆ. ಆದರೆ ಕಟ್ಟಿನ ಮಾತುಗಳನ್ನು ಮನಸ್ಸಿನಲ್ಲಿ ಒಪ್ಪಿಸುತ್ತ ಹೋದಂತೆ, ಬೆಂಕಿ, ಬಾವಿ, ಹಾವು ಎಂಬಲ್ಲಿ ನಾಲಗೆ ನಿಂತಿತು. ಹಳೆಯ ಮೀಮಾಂಸಕರ ಮೊಸರಿನ ಮಾತು ನೆನಪಾಯಿತು. ಮರುದಿನ ಮುಂಜಾನೆ ಊರಿನ ಬೇವಿನ ಕಟ್ಟೆಗೆ ಹೋಗಿ ಸಭೆ ಸೇರಿಸುವಂತೆ ಬೇಡಿಕೊಂಡೆ. ಅಂದೇ ಸಂತೆ, ಮಧ್ಯಾಹ್ನದ ಬಸ್ಸಿಗೆ ಚೆನ್ನವೀರ ಬರುವವನಿದ್ದ.

ಕಟ್ಟೆಯ ಹಿರಿಯಳು ದೇವೀರಮ್ಮ. ಹಲ್ಲಿಲ್ಲದ ಬಾಯಿ, ಬಿಗಿಯಾದ ನ್ಯಾಯ. ನಾನು ಯಾವ ಮನೆಯ ಹೆಸರನ್ನೂ ಎತ್ತದೆ ಕೇಳಿದೆ: ಮನುಷ್ಯನ ಬಾಯಿಂದಲ್ಲದೆ ಯಂತ್ರದ ಬಾಯಿಂದ ಬಂದ ಆರ್ತನಾದವೊಂದು ಒಬ್ಬನ ಕಿವಿಗೆ ಬಿದ್ದರೆ, ಅದನ್ನು ಹೇಳದೆ ಇದ್ದುದರಿಂದ ಮರಳಿ ಬಾರದ್ದೊಂದು ಅಳಿಯುವುದಾದರೆ, ಅವನು ಹೇಳಬಹುದೇ? ಮೊಸರನ್ನು ಕಾಗೆಗಳಿಂದ ಕಾಯಿರಿ ಎಂದು ತಾಯಿ ಹೇಳಿ ಹೋದರೆ, ನಾಯಿ ಬಂದಾಗ ಸುಮ್ಮನಿರಿ ಎಂದು ಅರ್ಥವಲ್ಲ. ಕಾಗೆ ಎಂಬುದು ಉಪಲಕ್ಷಣ, ಒಂದನ್ನು ಹೆಸರಿಸಿ ಅಂಥದ್ದೆಲ್ಲವನ್ನೂ ಸೂಚಿಸುವುದು; ಕಾಯಬೇಕಾದ್ದು ಮೊಸರು. ಬೆಂಕಿ, ಬಾವಿ, ಹಾವು ಎಂಬ ಮೂರು ಹೆಸರೂ ಹಾಗೆಯೇ.

ಎಣ್ಣೆಗಾಣದ ಈರಯ್ಯ ಎದ್ದು ನಿಂತ. “ಇವತ್ತು ಯಂತ್ರದ ಕೂಗು ಅಂತೀರಿ ಶಾಸ್ತ್ರಿಗಳೇ. ನಾಳೆ ನಮ್ಮನೆ ಸೊಸೆ ಬಿಕ್ಕಿದ್ದೂ ಉಪಲಕ್ಷಣ ಅಂತ ಈ ಕಟ್ಟೆಗೆ ಬರತ್ತೆ.”

ಅವನ ಮಾತಿನಲ್ಲಿ ಸತ್ಯವಿತ್ತು, ಅದನ್ನು ಒಪ್ಪಿಕೊಂಡೆ. ಅದಕ್ಕೇ ಶಿಕ್ಷೆಯನ್ನು ಬಿಡಿ ಎಂದು ಕೇಳಲು ಬಂದಿಲ್ಲ, ಹೇಳಲು ಬಿಡಿ ಎಂದಷ್ಟೇ ಕೇಳಲು ಬಂದಿದ್ದೇನೆ. ನನ್ನ ಸೂರು ನಿಮ್ಮ ಕೈಯಲ್ಲಿದೆ ಎಂದೆ. ಕಟ್ಟನ್ನು ಕಲಿಸಿದವನೇ ಹೆಂಚು ಇಳಿಸಿಕೊಳ್ಳಲು ನಿಂತದ್ದನ್ನು ಊರಿನವರು ಹಿಂದೆಂದೂ ಕಂಡಿರಲಿಲ್ಲ.

ದೇವೀರಮ್ಮ ಬಹಳ ಹೊತ್ತು ಎಲೆಯಡಿಕೆ ಕುಟ್ಟಿದಳು. ಆಮೇಲೆ ಹೇಳಿದಳು: “ಸಂಧ್ಯಾವಂದನೆ ಪೂರ್ತಿ ಮಾಡೋರು ಯಾರು, ಅರ್ಧಕ್ಕೆ ಎದ್ದು ಕಾಫಿ ಕುಡಿಯೋರು ಯಾರು ಅಂತ ಗೊತ್ತಿರೋರೂ ಈ ಕಟ್ಟೆ ಮೇಲೆ ಕೂತಿರಬಹುದು. ಅವರು ಇಷ್ಟು ವರ್ಷ ಬಾಯಿ ಬಿಟ್ಟಿಲ್ಲ. ಕಟ್ಟು ಅಂದ್ರೆ ಅದು.” ನಗು ಹಬ್ಬಿತು. ನಾನು ಹೊದ್ದ ಶಾಲನ್ನು ಸರಿಪಡಿಸಿಕೊಂಡೆ. ಮುದುಕಿಯ ದನಿ ಮಾತ್ರ ತಗ್ಗಿತು. “ಆದ್ರೆ ಊರಲ್ಲಿ ಯಂತ್ರ ಇರೋದು ಒಂದೇ ಮನೇಲಿ, ಅದು ಎಲ್ಲರಿಗೂ ಗೊತ್ತು. ನಮ್ಮವ್ವ ‘ಮಗಳೇ’ ಅನ್ನೋಕೆ ಗದ್ದದ ಕೆಳಗೆ ಎರಡು ಬೆರಳು ಇಡ್ತಿದ್ದಳು. ಬೇರೆ ಯಾವ ಮನೇಲೂ ಹಾಗಿಲ್ಲ. ಅವಳ ಜೊತೆ ಅದೂ ಹೋಯ್ತು ಅಂತಿದ್ದೆ. ಹೈಮವತಿ ಬಂದು ಬರಕೊಂಡು ಹೋದಳು. ನಮ್ಮವ್ವ ಇರೋ ಪೆಟ್ಟಿಗೆ ಗುಜರಿಗೆ ಹೋಗೋದಾದ್ರೆ ಅದು ಬೆಂಕಿಗಿಂತ ಕಡಿಮೆ ಏನಲ್ಲ. ಹೇಳಿ ಶಾಸ್ತ್ರಿಗಳೇ. ಶಿಕ್ಷೆ ಮಾತ್ರ ಇದ್ದೇ ಇದೆ. ಪೂರ್ತಿ ಸೂರು ಬೇಡ. ಒಂದು ಹೆಂಚು ತೆಗೀತೀವಿ.”

ಹೈಮವತಿ ಜನರ ಹಿಂದೆ ನಿಂತಿದ್ದಳು. ಅವಳ ಕಡೆ ತಿರುಗಿ, ಕಟ್ಟೆಯ ಮೇಲೆ ನಿಂತೇ ಹೇಳಿದೆ: “ನಿನ್ನ ಯಂತ್ರ ಸತ್ತಿಲ್ಲಮ್ಮ. ಮೂರು ಗುರುವಿನಲ್ಲಿ ಕೂಗ್ತಾ ಇದೆ. ನಮ್ಮನೇಲಿ ಕೇಳ್ತಿದೆ.”

ಅವಳ ಮುಖದಲ್ಲಿ ಮೊದಲು ಮೂಡಿದ್ದು ಸಂತೋಷವಲ್ಲ. ಕೇಳುವ ಮನೆ ಯಾವುದೆಂಬ ಅರಿವು ನೆರಳಿನಂತೆ ಹಾಯಿತು. ಒಂದು ಕ್ಷಣ ಕಣ್ಣು ತಗ್ಗಿಸಿದಳು. ಮರುಕ್ಷಣ ತಲೆ ಎತ್ತಿ, ಮೂರೂ ಒಂದೇ ಉದ್ದವೇ, ನಡುವೆ ಬಿಡುವು ಎಷ್ಟು, ಎಷ್ಟು ಸಲ ಬಂತು ಎಂದು ಒಂದರ ಮೇಲೊಂದು ಕೇಳಿದಳು. ಕೇಳುತ್ತ ಕೇಳುತ್ತ ಮನೆಯ ಕಡೆ ಓಡುತ್ತಿದ್ದಳು. ಯಂತ್ರದೊಡನೆ ಬಂದ ಕೈಪಿಡಿಯಲ್ಲಿ ಕೂಗುಗಳ ಅರ್ಥ ಅಚ್ಚಾಗಿತ್ತು, ಅದನ್ನು ಅವಳು ಎಂದೋ ಓದಿದ್ದಳು. ಕೇಳಲಾಗದ್ದು ತನಗೇಕೆಂದು ಬಿಟ್ಟಿದ್ದಳು. ಉದ್ದನೆಯ ಮೂರು ಕೂಗು ಎಂದರೆ ಯಂತ್ರದ ತಾತ್ಕಾಲಿಕ ನೆನಪು, ರ‍್ಯಾಮ್ ಎಂಬ ಪಟ್ಟಿ, ಅದಕ್ಕೆ ಸಿಗುತ್ತಿಲ್ಲ ಎಂದು. ಬೋರ್ಡು ಸತ್ತಿದ್ದರೆ ಕೂಗುವವರು ಯಾರು?

ಹೀಗೆ ನಮ್ಮ ಊರಿನಲ್ಲಿ ಹಿಂದೆಂದೂ ನಡೆಯದ ಚಿಕಿತ್ಸೆ ಆರಂಭವಾಯಿತು. ರೋಗಿ ಮೂಡಣ ತುದಿಯಲ್ಲಿ, ನಾಡಿ ಪಡುವಣ ತುದಿಯಲ್ಲಿ. ನಾನು ಪಾಠದ ಕೋಣೆಯಲ್ಲಿ ಕಣ್ಣು ಮುಚ್ಚಿ ಕುಳಿತೆ. ಕಾತ್ಯಾಯಿನಿ ನಮ್ಮ ಮೆಟ್ಟಿಲ ಮೇಲೆ ನಿಂತು, ಒಳಗೆ ನನ್ನ ಕೈಯನ್ನೂ ಹೊರಗೆ ಆ ತುದಿಯ ಮೆಟ್ಟಿಲನ್ನೂ ನೋಡುತ್ತಿದ್ದಳು. ಗುರುವಿಗೆ ತೋಳನ್ನು ಪೂರ್ತಿ ಚಾಚುವುದು. ಲಘುವಿಗೆ ನಮ್ಮ ಅಡಿಗೆಮನೆಯ ‘ಒಂದು ಚಿಟಿಕೆ ಉಪ್ಪು’ ಎಂಬ ಸನ್ನೆ. ಹೈಮವತಿ ಒಳಗೆ ಗುಂಡಿ ಒತ್ತಿ ಹೊರಗೆ ಓಡಿ ಬಂದು ಸನ್ನೆ ನೋಡಿ ಮತ್ತೆ ಒಳಗೆ ಓಡುವಳು. ಬೀದಿಯ ಎರಡೂ ಬದಿಯ ಜನ ಸೆರಗಿನಿಂದ, ಉತ್ತರೀಯದಿಂದ ಮೂಗು ಮುಚ್ಚಿಕೊಂಡು ಗಾಳಿಯಲ್ಲಿ ನಿಂತರು. ಸಂತೆಗೆ ಹೋಗಬೇಕಾದವರೂ ಹೋಗಲಿಲ್ಲ.

ಮೊದಲು ಅವಳು ಎರಡೂ ನೆನಪಿನ ಪಟ್ಟಿಗಳನ್ನು ಕಳಚಿಟ್ಟು ಗುಂಡಿ ಒತ್ತಿದಳು. ಮೂರು ಗುರು. ಪಟ್ಟಿ ಇದ್ದಾಗಲೂ ಇಲ್ಲದಾಗಲೂ ಒಂದೇ ಕೂಗು ಎಂದಮೇಲೆ, ತಟ್ಟೆಯಲ್ಲಿ ಅನ್ನವಿದ್ದೂ ಯಂತ್ರಕ್ಕೆ ಕಾಣುತ್ತಿಲ್ಲ ಎಂದಾಯಿತು. ಆ ಪಟ್ಟಿಯ ಅಂಚಿನಲ್ಲಿ ಬಂಗಾರದ ಬಣ್ಣದ ಹಲ್ಲುಗಳಿರುತ್ತವೆ. ನಮ್ಮ ಕೆಮ್ಮಣ್ಣು ಅಲ್ಲಿ ಪಾಚಿಯಂತೆ ಕಟ್ಟಿತ್ತು. ಮಗಣದ ದೇವತೆ ಭೂಮಿ ಎಂದೆನಲ್ಲ. ತಾನೇ ಅಡ್ಡ ಕುಳಿತು ತಾನೇ ಸುಳಿವು ಕೊಟ್ಟಳು. ಮಕ್ಕಳು ಪೆನ್ಸಿಲು ಅಳಿಸುವ ರಬ್ಬರಿನಿಂದ ಹೈಮವತಿ ಒಂದೊಂದು ಹಲ್ಲನ್ನೂ ಉಜ್ಜಿ ಬೆಳಗಿದಳು. ಪಟ್ಟಿ ಕೂರುವ ಸಂದಿಯನ್ನು ಬಣ್ಣ ಬಳಿಯುವ ಒಣ ಕುಂಚದಿಂದ ಗುಡಿಸಿದಳು. ಒಂದು ಪಟ್ಟಿಯನ್ನು ಮಾತ್ರ ಎರಡೂ ಕಡೆ ಸಮನಾಗಿ ಅದುಮಿ ಕೂರಿಸಿ ಮತ್ತೆ ಗುಂಡಿ ಒತ್ತಿದಳು.

ನನ್ನ ಕೋಣೆಯಲ್ಲಿ ಗಾಳಿ ಮೊರೆಯಿತು. ಒಂದು ಗುರು ಬಂತು. ಆದರೆ ಅದರ ಹಿಂದೆ ಬಂದದ್ದು ಗುರುವಲ್ಲ. ಲಘು, ಇನ್ನೊಂದು ಲಘು. ಗುರು ಲಘು ಲಘು, ಭಗಣ! ಅದರ ದೇವತೆ ಚಂದ್ರ. ಕೂಗು ಬದಲಾಗಿತ್ತು. ನನ್ನ ಕೈ ನೋಡಿ ಕಾತ್ಯಾಯಿನಿ ತೋಳು ಚಾಚಿ ಎರಡು ಚಿಟಿಕೆ ಉಪ್ಪು ಹಾಕಿದಳು. ಬೀದಿಯ ಜನಕ್ಕೆ ಅರ್ಥ ತಿಳಿಯದಿದ್ದರೂ ಬದಲಾವಣೆ ತಿಳಿಯಿತು. ಓ ಎಂಬ ಉದ್ಗಾರ ಒಂದು ತುದಿಯಿಂದ ಇನ್ನೊಂದು ತುದಿಗೆ ಹರಿಯಿತು.

ಆ ಗಳಿಗೆಯಲ್ಲೇ ಹೊಸ ಪೆಟ್ಟಿಗೆಯನ್ನು ಹೆಗಲ ಮೇಲೆ ಹೊತ್ತ ಚೆನ್ನವೀರ ಬೀದಿಗೆ ಕಾಲಿಟ್ಟ. ಊರಿಗೆ ಊರೇ ನಿಂತಿರುವುದನ್ನೂ, ಶಾಸ್ತ್ರಿಗಳ ಹೆಂಡತಿ ಗಾಳಿಗೆ ಉಪ್ಪು ಹಾಕುತ್ತಿರುವುದನ್ನೂ ಕಂಡು ಬೆರಗಾದ. ಸಂಗತಿ ತಿಳಿದಾಗ ಹೆಗಲ ಪೆಟ್ಟಿಗೆಯನ್ನು ನೆಲಕ್ಕಿಳಿಸಿ ಹಣೆ ಚಚ್ಚಿಕೊಂಡನೆಂದು ಆಮೇಲೆ ಕಾತ್ಯಾಯಿನಿ ಹೇಳಿದಳು.

“ನಾನು ಹತ್ತಿ ಇಟ್ಕೊಂಡು ಕೂಗಿಲ್ಲ ಅಂದೆನಲ್ಲಮ್ಮ. ಒಂದು ಉದ್ದ ಎರಡು ಗಿಡ್ಡ ಅಂದ್ರೆ ಡಿಸ್‌ಪ್ಲೇ ಕಾರ್ಡು. ಚಿತ್ರ ಕಳಿಸೋದು ಅದೇ. ನಿನ್ನೆ ಬಿಚ್ಚಿದಾಗ ನನ್ನ ಕೈ ತಗಲಿ ಸಡಿಲ ಆಗಿರಬೇಕು. ನಾನೇ ಕೂರಿಸ್ತೀನಿ ಬನ್ನಿ,” ಎಂದನಂತೆ ಹೈಮವತಿಗೆ. ಹತ್ತಿಯನ್ನು ಎಸೆದು, ಆ ಊರಿನ ಸದ್ದುಗಳಿಗೆ ಕಿವಿ ಬಿಟ್ಟುಕೊಂಡೇ ಅವನು ಒಳಗೆ ಹೋದ. ಕಾರ್ಡನ್ನು ಕಿತ್ತು, ಹಲ್ಲು ಬೆಳಗಿ, ಟಕ್ ಎನ್ನುವಂತೆ ಕೂರಿಸಿ, ತಿರುಪು ಬಿಗಿದ. ಆ ಟಕ್ ಎಂಬುದನ್ನು ಕೇಳಿದವನು ನಾನು, ಅವನಲ್ಲ. ಗುಂಡಿ ಒತ್ತುವ ಕೆಲಸವನ್ನು ಹೈಮವತಿ ಬೇರೆಯವರಿಗೆ ಬಿಡಲಿಲ್ಲ.

ನಾನು ಉಸಿರು ಹಿಡಿದೆ. ಮೊರೆತ ಎದ್ದಿತು. ಒಂದು ಲಘು. ಗುಬ್ಬಚ್ಚಿ ಒಮ್ಮೆ ಕೊಕ್ಕು ತೆರೆದು ಮುಚ್ಚಿದಷ್ಟು. ಎರಡನೆಯದಕ್ಕಾಗಿ ಕಾದೆ. ಬರಲಿಲ್ಲ. ಕಾಯುತ್ತಿದ್ದ ಆ ಮೌನವೇ ಉತ್ತರವೆಂದು ಹೊಳೆದಾಗ ನಾನು ಕೈ ಎತ್ತಿ ತೋರಿಸಿದೆ. ಕಾತ್ಯಾಯಿನಿ ಬೀದಿಗೆ ತಿರುಗಿ ಒಂದೇ ಒಂದು ಚಿಟಿಕೆ ಉಪ್ಪು ಹಾಕಿದಳು.

ಒಂದು ಗಿಡ್ಡ ಕೂಗು ಎಂದರೆ ಎಲ್ಲವೂ ಸರಿಯಿದೆ ಎಂದು ಚೆನ್ನವೀರ ಮೆಟ್ಟಿಲಿಂದ ಸಾರಿದನಂತೆ, ಯಾರೂ ಅವನ ಮಾತಿಗೆ ಕಾಯಲಿಲ್ಲ. ಹೈಮವತಿ ಹೊರಗೆ ಬಂದು ಎರಡೂ ತೋಳು ಮೇಲೆತ್ತಿ ನಿಂತಿದ್ದಳು. ಆ ಸನ್ನೆಗೆ ಎಲ್ಲ ಮನೆಗಳಲ್ಲೂ ಒಂದೇ ಅರ್ಥ. ನಾನು ಓಡಿದೆ; ಈ ವಯಸ್ಸಿನಲ್ಲಿ ಓಡಿದೆ ಎಂದು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಒಳಗೆ ಪರದೆಯ ಮೇಲೆ ಬೆಳಕಿತ್ತು. ಡಿಸ್ಕು ಸುಟ್ಟಿರಲಿಲ್ಲ. ಕೋಶ ತೆರೆದುಕೊಂಡಿತು, ಹಾಳೆ ಹಾಳೆಯಾಗಿ ಕೈಗಳು, ತೀರಿಹೋದವರ ಕೈಗಳು, ಕರೆಯುವ, ತಡೆಯುವ, ಉಣಿಸುವ, ಬೈಯುವ ಕೈಗಳು. ಹೈಮವತಿ ದೇವೀರಮ್ಮನನ್ನು ಮುಂದೆ ಕೂರಿಸಿ ಒಂದು ಚಿತ್ರವನ್ನು ತೆರೆದಳು. ಗದ್ದದ ಕೆಳಗೆ ಎರಡು ಬೆರಳು. ಮುದುಕಿ ಏನೋ ಅಂದಳು. ಆ ಸೂರಿನಡಿ ಅದು ನಮಗೆ ಯಾರಿಗೂ ಕೇಳಿಸಲಿಲ್ಲ. ನನ್ನ ಖಾಲಿ ಮನೆಯಲ್ಲಿ ಕೇಳಿಸಿರಬೇಕು.

ಇನ್ನೊಂದು ನೆನಪಿನ ಪಟ್ಟಿ ನಿಜವಾಗಿಯೇ ಕೆಟ್ಟಿತ್ತು. ಅದನ್ನು ಕೂರಿಸಿದಾಗ ಮತ್ತೆ ಮಗಣ ಬಂತೆಂದು ಕೋಣೆಗೆ ಮರಳಿ ಕೇಳಿದ ನನ್ನಿಂದ ತಿಳಿದು, ಹೊಸದನ್ನು ತಂದು ಹಾಕುವುದಾಗಿ ಚೆನ್ನವೀರ ಹೇಳಿ, ಹೊಸ ಪೆಟ್ಟಿಗೆಯನ್ನು ತಾನೇ ಹೊತ್ತು ಬಸ್ಸಿಗೆ ನಡೆದ. “ಬೇರೆ ಊರಲ್ಲಿ ರ‍್ಯಾಮ್ ನೋಡೋಕೆ ಎರಡು ಕಿವಿ ಸಾಕು ಯಜಮಾನರೇ,” ಎಂದ, “ನಿಮ್ಮೂರಲ್ಲಿ ಎರಡು ಮನೆ ಬೇಕು.”

ಸಂಜೆ ಹೈಮವತಿ ನಮ್ಮ ಅಂಗಳಕ್ಕೆ ಬಂದಳು. ನನ್ನನ್ನಲ್ಲ, ಕಾತ್ಯಾಯಿನಿಯನ್ನು ಕೇಳಿದಳು: “ನಾನು ಹೊಸದಾಗಿ ಬಂದಾಗ ಅಳ್ತಿದ್ದೆನಲ್ಲ ಅಮ್ಮ. ಅದೂ ಇಲ್ಲಿಗೇ ಬರ್ತಿತ್ತಾ?”

ಕಾತ್ಯಾಯಿನಿ ಅವಳ ತಲೆ ಸವರಿದಳು. ಹೈಮವತಿಯ ಕಣ್ಣು ನಿಧಾನವಾಗಿ ಅಗಲವಾಯಿತು. ಆ ವರ್ಷ ಕೆಲವು ಸಂಜೆಗಳಲ್ಲಿ, ಹಬ್ಬವಿಲ್ಲ ಹರಿದಿನವಿಲ್ಲ, ಶಾಸ್ತ್ರಿಗಳ ಮನೆಯಿಂದ ಬಟ್ಟಲು ತುಂಬ ಹೆಸರುಬೇಳೆ ಪಾಯಸ ಬರುತ್ತಿತ್ತು. ಹೆಚ್ಚಾಗಿ ಮಾಡಿಬಿಟ್ಟೆ, ಉಳಿಯಿತು ಎಂದು ಕಾತ್ಯಾಯಿನಿ ಬಾಗಿಲಲ್ಲೇ ಕೊಟ್ಟು ಹೋಗುತ್ತಿದ್ದಳು. ಅದು ಬೇಕೆಂದೇ ಹೆಚ್ಚಾಗುತ್ತಿತ್ತು ಎಂದು ಆ ಕ್ಷಣದಲ್ಲಿ ಅವಳಿಗೆ ತಿಳಿಯಿತು. “ಪಾಯಸ...” ಎಂದು ನಿಲ್ಲಿಸಿ, ಕಾತ್ಯಾಯಿನಿಯ ಮಡಿಲಲ್ಲಿ ಮುಖವಿಟ್ಟಳು. ಕೇಳುವ ಮನೆ ಯಾವುದೆಂದು ತಿಳಿದರೆ ಅವಳ ನೆಮ್ಮದಿ ಕೆಟ್ಟೀತೆಂದು ಭಯಪಟ್ಟಿದ್ದೆನಲ್ಲ. ಹೆಂಗಸರ ಶಾಸ್ತ್ರ ನನ್ನದಕ್ಕಿಂತ ಹಿಂದಿನದು.

ಮರುದಿನ ಈರಯ್ಯನೇ ಏಣಿ ತಂದ. ಕಟ್ಟಿನ ಪ್ರಕಾರ ಊರ ಹಿರಿಯರ ಎದುರಿಗೆ ನಮ್ಮ ಅಡಿಗೆಮನೆಯ ಮೇಲಿನ ಒಂದು ಹೆಂಚನ್ನು ತೆಗೆದು ಬೇವಿನ ಬುಡದಲ್ಲಿಟ್ಟರು. ಗಾಳಿ ನಿಂತಿತ್ತು. ತೆರವಿನಿಂದ ಒಂದು ಬಿಸಿಲುಕೋಲು ಇಳಿದು ಒಲೆಯ ಪಕ್ಕದಲ್ಲಿ ಬಿದ್ದಿತು. ಎಲ್ಲರೂ ಹೋದ ಮೇಲೆ, ಶಿಕ್ಷಿತನಿಗೆ ತಕ್ಕ ಗಾಂಭೀರ್ಯದಿಂದ ನಾನು ಪಾಠದ ಕೋಣೆಯಿಂದ ಎದ್ದು ನೀರು ಕುಡಿಯಲು ಅಡಿಗೆಮನೆಗೆ ಹೋದೆ. ಕಾತ್ಯಾಯಿನಿ ಬಿಸಿಲುಕೋಲಿನ ಕೆಳಗೆ ಕುಳಿತು ಮೊಸರು ಕಡೆಯುತ್ತಿದ್ದಳು. ಕಡೆಗೋಲಿನ ಸದ್ದು ಕೇಳಿಸಿತು. ನಮ್ಮದೇ ಕಡೆಗೋಲು, ನಮ್ಮದೇ ಮೊಸರು; ಅಡಿಗೆಮನೆ ಈಗ ಆಕಾಶ ಕಾಣುವ ಜಾಗವಾಗಿತ್ತು. ಅದರ ಮೇಲೆ, ಬಹಳ ಮೆಲ್ಲಗೆ, ಒಂದು ಹಾಡು.

ಅರ್ಧ ಶತಮಾನ ಒಂದೇ ಮನೆಯಲ್ಲಿ ಬಾಳಿದ್ದೇವೆ. ಕೆಲಸ ಮಾಡುವಾಗ ಅವಳ ತುಟಿ ಆಡುವುದನ್ನು ಕಂಡಿದ್ದೆ, ಜಪವೆಂದು ತಿಳಿದಿದ್ದೆ. ಅವಳು ಹಾಡುತ್ತಾಳೆಂದು ನನಗೆ ಗೊತ್ತಿರಲಿಲ್ಲ. ಅದು ಎಷ್ಟು ವರ್ಷಗಳಿಂದ ಯಾರ ಮನೆಯನ್ನು ತುಂಬುತ್ತಿತ್ತೋ, ಆ ಪುಣ್ಯವಂತರು ಯಾರೋ! ನಾನು ನಿಂತಲ್ಲೇ ನಿಂತೆ. ಅವಳು ತಲೆ ಎತ್ತಿ ನೋಡಿ, ನನ್ನ ಮುಖದಿಂದ ಸಂಗತಿಯನ್ನು ಓದಿ, ನಾಚಿ ನಿಲ್ಲಿಸಿದಳು. ನಿಲ್ಲಿಸಬೇಡ ಎಂದೆ. ಸೂರಿನಡಿ ಆಡಿದ ನನ್ನ ಮಾತು ಮೊದಲ ಬಾರಿಗೆ ಅವಳಿಗೆ ತಲುಪಿತು.

“ಹೆಂಚು ವಾಪಸ್ ಹಾಕಿಸೋಕೆ ಎಷ್ಟು ದಿನ ಹಿಡಿಯತ್ತಂತೆ?” ಎಂದು ಕೇಳಿದಳು.

“ನನಗಂತೂ ಅವಸರ ಇಲ್ಲ ಕಣೇ,” ಎಂದೆ.

ಆ ಹೆಂಚು ಇಂದಿಗೂ ಬೇವಿನ ಬುಡದಲ್ಲಿದೆ. ಈಗ ಅದು ಒಂಟಿಯಲ್ಲ. ಮೊದಲು ಈರಯ್ಯನ ಮನೆಯದು ಬಂತು, ಹೇಳದೆ ಕೇಳದೆ. ಆಮೇಲೆ ಒಂದೊಂದಾಗಿ ಬೀದಿಯವರೆಲ್ಲರ ಅಡಿಗೆಮನೆಯದು. ಅಚ್ಚಾದ ಕೋಶದ ಒಂದೊಂದು ಪ್ರತಿ ಹೊಸ ಸೊಸೆಯರಿಗೆ ಸೇರುತ್ತಿದೆ. ಸಂಜೆ ಮೂಡಣ ತುದಿಯಿಂದ ಎಳ್ಳು ಸುರಿದ ಸದ್ದು ಇಂದಿಗೂ ನನ್ನ ಪಾಠದ ಕೋಣೆಗೆ ಬರುತ್ತದೆ, ಅಡಿಗೆಮನೆಯಿಂದ ಹಾಡು ಬರುತ್ತದೆ. ಎರಡರ ನಡುವೆ ಕುಳಿತು ನಾನು ಓದುತ್ತೇನೆ.

ಈ ಕಥೆಯನ್ನು ಕೇಳಿದವರ ಮನೆಯಲ್ಲಿ ಕರೆದವರ ದನಿ ಕರೆಸಿಕೊಂಡವರಿಗೆ ತಲುಪಲಿ. ಕೆಟ್ಟದ್ದೆಲ್ಲವೂ ಕೂಗಿ ಹೇಳಲಿ, ಕೂಗಿದ್ದನ್ನು ಅರಿಯುವವರು ಹತ್ತಿರವಿರಲಿ. ಒಂಟಿಯಾಗಿ ಅತ್ತವರ ಬಾಗಿಲಿಗೆ ಕಾರಣವಿಲ್ಲದ ಪಾಯಸ ಬರಲಿ. ಹೊಲಕ್ಕೆ ಮಣ್ಣು, ಕಣ್ಣಿಗೆ ಬೆಳಕು, ಮಾತಿಗೆ ಕಿವಿ ತಪ್ಪದಿರಲಿ. ನಿಮ್ಮ ಸೂರು ಗಟ್ಟಿಯಾಗಿರಲಿ. ಅದರಲ್ಲಿ ಒಂದು ಹೆಂಚಿನಷ್ಟು ಆಕಾಶವೂ ಇರಲಿ. ಸರ್ವರಿಗೂ ಮಂಗಳವಾಗಲಿ.